ಓಂ ಶಾಂತಿ ಹಾಕೂದಕ್ಕ ಇಷ್ಟ್ಯಾಕ ಅವಸರ?

ಅಕ್ಕಾರ, ವೈನಿಗೋಳ, ಓಣ್ಯಾಗಿನ ಗೆಳತ್ಯಾರ, ಈ ಸಲ ಚಟ್ನಿಪುಡಿ ಇಲ್ಲ, ಹಪ್ಪಳ-ಸಂಡಿಗಿ ಇಲ್ಲ. ಈ ಸಲ ಜಗಳ ಅದ. ಓದಿ ಸಿಟ್ಟು ಬಂದ್ರ ಫೋನ್ ಮಾಡಿ ಬೈರಿ, ಆದ್ರ ಪೂರಾ ಓದಿ ಬೈರಿ.

ಹೋದ ವಾರ ಒಂದು ಮುಂಜಿವಿ ಊಟದ ಪಂಕ್ತ್ಯಾಗ ನಮ್ಮ ತಂಗಿ ಮೊಮ್ಮಗನ ಮಾತು ಬಂತು. ಆ ಹುಡುಗ ಕ್ಯಾಲಿಫೋರ್ನಿಯಾದ ಅರ್ವೈನ್‌ನಾಗ ಹುಟ್ಟಿ ಬೆಳದಾಂವ. 2020ರೊಳಗ ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಹೆಲಿಕಾಪ್ಟರ್ ಬಿದ್ದು ತೀರಿಕೊಂಡಾಗ ಅವಂಗ ಹನ್ನೊಂದು ವರ್ಷ. ಎರಡು ದಿನ ಊಟಾ ಸರಿಯಾಗಿ ಮಾಡದ ಅತ್ತಿದ್ದ. ಅದನ್ನ ನೆನಿಸಿಕೊಂಡು ಎಲ್ಲಾರೂ ನಕ್ಕರು. "ಕಂಡಿಲ್ಲ ಕೇಳಿಲ್ಲ, ನಮ್ಮ ದೇಶದಾಂವ ಅಲ್ಲ, ನಮ್ಮ ಆಟಾನೂ ಅಲ್ಲ, ಅವನ ಸಲುವಾಗಿ ಯಾಕ ಅಳಬೇಕಿತ್ತಂತ?" ಅಂತ ಒಬ್ಬರು. "ಸ್ವಂತ ಮುತ್ತಜ್ಜ ಹೋದಾಗ ಇಷ್ಟು ಅಳಲಿಲ್ಲ ಬಿಡ್ರಿ" ಅಂತ ಇನ್ನೊಬ್ಬರು. ನಗಲಿಕ್ಕೆ ಏನದ ಇದರಾಗ ಅಂತ ನನಗ ಅವತ್ತೂ ತಿಳಿಲಿಲ್ಲ, ಇವತ್ತೂ ತಿಳಿಲಿಲ್ಲ.

ನಕ್ಕವರಿಗೆ ಒಂದು ಪ್ರಶ್ನೆ. 2004ರ ಏಪ್ರಿಲ್ 17ಕ್ಕ ಬೆಂಗಳೂರಿನ ಜಕ್ಕೂರದಾಗ ಸಣ್ಣ ವಿಮಾನ ಬಿದ್ದು ಸೌಂದರ್ಯಾ ಹೋದ್ಲು, ಜೋಡಿಗೆ ಆಕಿ ಅಣ್ಣನೂ ಹೋದ. ಅವತ್ತು ನೀವು ಟೀವಿ ಮುಂದ ಸೆರಗಿನಿಂದ ಮೂಗು ಒರಸಿಕೋತ ಕೂತಿದ್ದಿಲ್ಲೇನು? ಸೌಂದರ್ಯಾ ನಿಮ್ಮ ಮನಿಗೆ ಅರಿಷಿಣ ಕುಂಕುಮಕ್ಕ ಬಂದಿದ್ಲೇನು? 2021ರ ಅಕ್ಟೋಬರ್ 29ಕ್ಕ ಪುನೀತ್ ಹೋದಾಗ ಗ್ಯಾಸ್ ಆರಿಸಿ ಅರ್ಧಾ ಅಡಗಿ ಹಂಗ ಬಿಟ್ಟು ಕೂತವರು ಯಾರು? ಅಪ್ಪು ನಿಮಗ ಏನಾಗಬೇಕು? ಏನೂ ಆಗಬೇಕಿಲ್ಲ. ಆದ್ರೂ ಕರಳು ಚುರ್ ಅಂತು. ನಮಗ ಆಗಬಹುದು, ಅರ್ವೈನ್ ಹುಡುಗಗ ಆಗಬಾರದೇನು?

ಆ ಹುಡುಗನ ಮನ್ಯಾಗ ಕೋಬಿ ಅಂದ್ರ ಬರೇ ಟೀವಿಯಾಗಿನ ಮನಿಶ್ಯಾ ಅಲ್ಲ. ಅಲ್ಲಿ ಮಕ್ಕಳಿಗೆ ಒಂದು ಚಟಾ ಅದ. ಕಾಗದ ಮುದ್ದಿ ಮಾಡಿ ಕಸದ ಬುಟ್ಟಿಗೆ ಒಗೀಬೇಕಾದ್ರ "ಕೋಬಿ!" ಅಂತ ಕೂಗಿ ಒಗೀತಾರ. ನಮ್ಮ ತಂಗಿ ಮಗಳು ಹೇಳ್ತಾಳ, ಹೊಲಸು ಕಾಲುಚೀಲಾ ಒಗ್ಯಾಣದ ಬುಟ್ಟಿಗೆ ಹಾಕ್ಸೂದು ಆಕಿಗೆ ಬಂದದ್ದ ಆ ಹೆಸರಿನಿಂದ. ಹೈಸ್ಕೂಲು ಮುಗಿಸಿ ನೇರ ದೊಡ್ಡ ಆಟಕ್ಕ ಬಂದಾಂವ, 20 ವರ್ಷ ಒಂದ ತಂಡಕ್ಕ, ಲಾಸ್ ಏಂಜಲೀಸ್ ಲೇಕರ್ಸ್‌ಗೆ ಆಡಿದ. ಐದು ಸಲ ತಂಡಾ ಗೆದ್ದದ, 2008 ಮತ್ತು 2012ರ ಒಲಿಂಪಿಕ್ಸ್‌ದಾಗ ಬಂಗಾರದ ಪದಕಾ ತಂದಾನ, 2016ರ ಏಪ್ರಿಲ್‌ದಾಗ ತನ್ನ ಕಡೀ ಆಟದಾಗ ಒಬ್ಬನ 60 ಪಾಯಿಂಟ್ ಹೊಡದಾನ. ಅಪ್ಪ ಆಫೀಸಿನಿಂದ ಬಂದು, ಮಗನ ಬಾಜೂಕ ಕೂತು ಮಾತಾಡ್ತಿದ್ದ ಒಂದ ವಿಷಯ ಅದು. ಅಂವಾ ಹೋದ ಅಂದ್ರ ಆ ಸಂಜಿನೂ ಹೋತು. ಅದಕ್ಕ ಅಳು ಬಂತು. ಇಷ್ಟು ತಿಳಿಲಿಕ್ಕೆ ಬಾಸ್ಕೆಟ್‌ಬಾಲ್ ಬರಬೇಕಾಗಿಲ್ಲ.

ಆಟದ ಗಂಧಾ ಇಲ್ಲದ ಹೆಣ್ಣುಮಕ್ಕಳೂ ಅವತ್ತು ಅತ್ತದ್ದಕ್ಕ ಬ್ಯಾರೇನ ಕಾರಣ ಅದ. ಕೋಬಿಗೆ ನಾಕು ಮಕ್ಕಳು, ನಾಕೂ ಹೆಣ್ಣು. ಕಡೀ ಕೂಸಿಗೆ ಆಗಿನ್ನೂ ಏಳು ತಿಂಗಳು. ಎಲ್ ಡಂಕನ್ ಅಂತ ಟೀವಿಯೊಳಗ ಆಟದ ಸುದ್ದಿ ಹೇಳೂ ಹೆಣ್ಣುಮಗಳು, ತಾನು ಎಂಟು ತಿಂಗಳ ಬಸುರಿ ಇದ್ದಾಗ ಅಂವಾ ಸಿಕ್ಕಿದ್ದನ್ನ ಹೇಳಿದ್ಲು. ಹೆಣ್ಣು ಕೂಸು ಅಂತ ಕೇಳಿ ಅಂವಾ ಕೈ ಎತ್ತಿ ಖುಷಿಪಟ್ಟನಂತ, ತನಗ ಇನ್ನ ಐದು ಹೆಣ್ಣಾದ್ರೂ ನಡೀತದ ಅಂದನಂತ. ಅದನ್ನ ಕೇಳಿ ಅಪ್ಪಂದ್ರೆಲ್ಲಾ ತಮ್ಮ ತಮ್ಮ ಹೆಣ್ಣುಮಕ್ಕಳ ಫೋಟೋ ಹಾಕಿದ್ರು. ನಮ್ಮ ಕಡೆ ಎರಡನೇ ಹೆರಿಗಿಗೆ ದವಾಖಾನಿ ಬಾಗಲದಾಗ "ಮತ್ತ ಹೆಣ್ಣೇನು?" ಅಂತ ಕೇಳೂ ದನಿ ಹೆಂಗಿರ್ತದ ಅಂತ ನಮಗ ಯಾರೂ ಹೇಳಿಕೊಡಬೇಕಾಗಿಲ್ಲ. ಆ ದನಿ ಕೇಳಿದಾಕಿಗೆ ಹಿಂಥಾ ಅಪ್ಪನ ಸುದ್ದಿ ಓದಿ ಕಣ್ಣು ತುಂಬಿದ್ರ ಏನು ತಪ್ಪು? ಅವತ್ತೂ ಅಂವಾ ಹೊಂಟದ್ದು ತನ್ನ ಆಟಕ್ಕ ಅಲ್ಲ. 13 ವರ್ಷದ ಮಗಳು ಜಿಯಾನಾನ ಆಟಕ್ಕ. ಆಕಿ ತಂಡಕ್ಕ ಇಂವನ ಕೋಚ್.

ಹಂಗಾಗಿ ಅಳೂದರ ಮ್ಯಾಲೆ ನನ್ನ ಜಗಳ ಇಲ್ಲ. ಅತ್ತು ಬಿಡ್ರಿ, ಹಗುರ ಆಗ್ತದ. ನನ್ನ ಜಗಳ ಇರೂದು ಅಳೂದಕ್ಕಿಂತ ಮೊದಲ ಬೆರಳು ಓಡ್ತಾವಲ್ಲ, ಅದರ ಮ್ಯಾಲೆ.

ಆ ದಿನದ ಮುಂಜಾನೆ ನೋಡ್ರಿ. 2020ರ ಜನವರಿ 26, ರವಿವಾರ. ಒಂಬತ್ತು ಹೊಡದು ಐದಾರು ನಿಮಿಷಕ್ಕ ಆರೆಂಜ್ ಕೌಂಟಿಯ ವಿಮಾನ ನಿಲ್ದಾಣದಿಂದ ಹೆಲಿಕಾಪ್ಟರ್ ಎದ್ದದ, ಮುಕ್ಕಾಲು ತಾಸು ಆಗೂದ್ರಾಗ ಕ್ಯಾಲಬ್ಯಾಸಸ್ ಗುಡ್ಡಕ್ಕ ಬಡದದ. ಒಳಗಿದ್ದ ಒಂಬತ್ತೂ ಮಂದಿ ಹೋದ್ರು. ಕೋಬಿ ಹೆಂಡ್ತಿ ವನೆಸಾ ಮನ್ಯಾಗಿದ್ಲು. ಕೋರ್ಟಿನ ಮುಂದ ಆಕಿನ ಹೇಳ್ಯಾಳ: ಮನಿ ಕೆಲಸಾ ನೋಡಿಕೊಳ್ಳೂ ಸಹಾಯಕಿ ಬಂದು ಅಪಘಾತ ಆಗ್ಯದ, ಐದು ಮಂದಿ ಉಳದಾರಂತ ಅಂದ್ಲಂತ. ಉಳದವರಾಗ ಗಂಡಾ ಮಗಳು ಇದ್ದ ಇರ್ತಾರ, ಬ್ಯಾರೇದವರಿಗೆ ಸಹಾಯ ಮಾಡ್ಲಿಕ್ಕತ್ತಿರಬೇಕು ಅಂತ ಆಕಿ ತಿಳಕೊಂಡಾಳ. ಗಂಡಗ ಫೋನ್ ಹಚ್ಚೂ ಹೊತ್ತಿನ್ಯಾಗ ಫೋನಿನ ಮ್ಯಾಲೆ ಟಣ್ ಟಣ್ ಅಂತ ಬರಲಿಕ್ಕತ್ತದ, ಕೋಬಿ ಆತ್ಮಕ್ಕ ಶಾಂತಿ ಸಿಗಲಿ ಅಂತ. ಯಾವ ಪೋಲೀಸನೂ ಇನ್ನ ಆಕಿ ಮುಂದ ಬಾಯಿ ಬಿಟ್ಟಿದ್ದಿಲ್ಲ. ಹೆಂಡ್ತಿಗಿಂತ ಮೊದಲು ಊರಿಗೆ ಗೊತ್ತಾಗಿತ್ತು, ಊರು ಆಕಿಗೆ ಹೇಳಿತು, ಅದೂ ಸಾಂತ್ವನದ ರೂಪದಾಗ.

ಓದಿದ್ರಿ? ಈಗ ಒಂದು ಕ್ಷಣ ಆ ಫೋನ್ ನಿಮ್ಮ ಕೈಯಾಗ ಅದ ಅಂತ ತಿಳಕೋರಿ.

ಟಿಎಂಝಡ್ ಅನ್ನೂ ಸುದ್ದಿ ಸಂಸ್ಥೆ ಮನಿಯವರಿಗೆ ತಿಳಿಸೂದಕ್ಕ ಮೊದಲ ಸುದ್ದಿ ಹಾಕಿಬಿಟ್ಟಿತ್ತು. ಅಲ್ಲಿಯ ಶೆರಿಫ್ ಸಾಹೇಬರು ಪತ್ರಕರ್ತರ ಮುಂದ ನಿಂತು ಅದನ್ನ ಬೈದ್ರು. (ಆ ಸಾಹೇಬರ ಕೈಕೆಳಗಿನವರ ಕಥಿ ಮುಂದ ಬರ್ತದ, ತಡೀರಿ.) ಒಂದು ದೊಡ್ಡ ವಾಹಿನಿಯ ವರದಿಗಾರ ನಾಕೂ ಹೆಣ್ಣುಮಕ್ಕಳು ಒಳಗಿದ್ರು ಅಂತ ನೇರ ಪ್ರಸಾರದಾಗ ಹೇಳಿಬಿಟ್ಟ, ಆಮ್ಯಾಲೆ ಕ್ಷಮಾ ಕೇಳಿದ, ಅವನ್ನ ಅಮಾನತ್ ಮಾಡಿದ್ರು. ರಿಕ್ ಫಾಕ್ಸ್ ಅಂತ ಕೋಬಿ ಜೋಡಿ ಆಡಿದ ಹಳೇ ಆಟಗಾರ, ಅಂವಾನೂ ಹೆಲಿಕಾಪ್ಟರ್‌ದಾಗ ಇದ್ದ ಅಂತ ಯಾರೋ ಹಬ್ಬಿಸಿದ್ರು. ಅಂವಾ ಮನ್ಯಾಗ ಆರಾಮ ಇದ್ದ. ಆದ್ರ ಅವನ ಮಂದಿ ಆ ಹೊತ್ತಿನ್ಯಾಗ ಏನೇನು ಅನುಭವಿಸಿದ್ರು ಅಂತ ಆಮ್ಯಾಲೆ ಟೀವಿಯೊಳಗ ಹೇಳಬೇಕಾದ್ರ ಅವನ ಗಂಟಲು ಕಟ್ಟಿತ್ತು.

ಯಾತಕ್ಕ ಈ ಅವಸರ? ನಮ್ಮ ಗುಂಪಿನ್ಯಾಗೂ ನೋಡೀನಿ. ಒಬ್ಬರು ಓಂ ಶಾಂತಿ ಹಾಕಿದ ಕೂಡಲೇ ಇಪ್ಪತ್ತು ಕೈ ಮುಗಿದ ಚಿತ್ರ ಬೀಳ್ತಾವ. ಯಾರು ಹೋದ್ರು ಅಂತ ಗೊತ್ತಿಲ್ಲದವರೂ ಮೊದಲು ಕೈ ಮುಗದು ಆಮ್ಯಾಲೆ "ಯಾರು?" ಅಂತ ಕೇಳ್ತಾರ. ಮೊದಲು ಹೇಳಿದವರು ಅನ್ನಿಸಿಕೊಳ್ಳೂ ಹೆಚ್ಚುಗಾರಿಕಿ. ಸಾವಿನ ಸುದ್ದಿ ಏನು ಹಾಲೇನ್ರಿ, ಸಂಜಿತನಕ ಇಟ್ರ ಒಡದು ಹೋಗ್ಲಿಕ್ಕೆ?

ನಮ್ಮ ಹಿರ್ಯಾರಿಗೆ ಈ ವಿಷಯದಾಗ ನಮಗಿಂತ ಹೆಚ್ಚು ತಿಳವಳಿಕಿ ಇತ್ತು. ಫೋನ್ ಇಲ್ಲದ ಕಾಲದಾಗ ಊರಿಂದ ಆಳು ಬರ್ತಿದ್ದ. ಬಂದಾಂವ ಬಾಗಲದಾಗ ನಿಂತು ಬಡಬಡ ಒದರ್ತಿದ್ದಿಲ್ಲ. ಗಂಡಸರನ್ನ ಹೊರಗ ಕರದು ಸಣ್ಣ ದನಿಯಾಗ ಹೇಳ್ತಿದ್ದ. ಮಗಳಿಗೆ "ನಿಮ್ಮಪ್ಪಗ ಭಾಳ ಆರಾಮಿಲ್ಲ, ಹೊಂಡೂಣು" ಅಂತ ಅಷ್ಟ. ಉಂಡಾಳೋ ಇಲ್ಲೋ ಕೇಳಿ, ಇಲ್ಲಂದ್ರ ಎರಡು ತುತ್ತು ಉಣ್ಣಿಸಿ ಕರಕೊಂಡು ಹೋಗ್ತಿದ್ರು, ಯಾಕಂದ್ರ ಮುಂದ ಎಷ್ಟೊತ್ತಿಗೆ ಉಣ್ತಾಳೋ. ಬಸ್ಸಿನ್ಯಾಗ ಬಾಜೂಕ ಒಬ್ಬಾಕಿ ಹಿರೇ ಹೆಣ್ಣುಮಗಳು, ಕೈಯಾಗ ನೀರಿನ ಚಂಬು. ಊರ ಅಗಸಿ ಬಂದಾಗ ಕೈ ಹಿಡಕೊಂಡು ಹೇಳ್ತಿದ್ರು, ಇಲ್ಲಾ ಮನಿ ಮುಂದಿನ ಮಂದಿ ನೋಡಿ ಆಕಿಗೆ ತಾನ ತಿಳೀತಿತ್ತು. ಅದು ಸುಳ್ಳು ಹೌದು. ಆದ್ರ ಆ ಸುಳ್ಳಿನ್ಯಾಗ ಎಷ್ಟು ಮರ್ಯಾದಿ ಇತ್ತು! ಆಕಿ ಅಪ್ಪನ ಸಾವು ಮೊದಲು ಆಕೀದು, ಆಮ್ಯಾಲೆ ಊರಿಂದು. ಈಗ ಅದು ತಿರುವುಮುರುವಾಗ್ಯದ.

ಇನ್ನ ಫೋಟೋದ ಮಾತಿಗೆ ಬರ್ತೀನಿ. ಇದು ನನಗ ಹೊಟ್ಟಿಯೊಳಗ ಬೆಂಕಿ ಹಚ್ಚೂ ಮಾತು.

ಶೆರಿಫ್ ಠಾಣೆಯೊಳಗ ಗಂಡಾ ಮಗಳು ಇಬ್ಬರೂ ಇಲ್ಲ ಅಂತ ಕೇಳಿದ ಮ್ಯಾಲೆ, ಸಾಹೇಬ್ರು ನಿಮಗ ಏನು ಮಾಡಬೇಕು ಅಂತ ಕೇಳಿದ್ರಂತ. ಅವರನ್ನ ತಿರುಗಿ ತರಲಿಕ್ಕಂತೂ ಆಗೂದಿಲ್ಲ, ಯಾರೂ ಅವರ ಫೋಟೋ ತೆಗೀಧಂಗ ನೋಡಿಕೋರಿ ಅಂತ ವನೆಸಾ ಕೇಳಿದ್ಲು. ಆ ಹೊತ್ತಿನ್ಯಾಗೂ ಆ ತಾಯಿಗೆ ಅದು ಹೊಳೀತು ನೋಡ್ರಿ. ಆಗ್ಲಿ ಅಂತ ಮಾತು ಕೊಟ್ರು. ಖರೇ ಅಂದ್ರ, ಗುಡ್ಡದ ಮ್ಯಾಲೆ ಹೋದ ಪೋಲೀಸರು ಮತ್ತ ಅಗ್ನಿಶಾಮಕ ದಳದವರ ಪೈಕಿ ಕೆಲವರು ತಮ್ಮ ತಮ್ಮ ಫೋನಿನ್ಯಾಗ ಫೋಟೋ ತಗದಿದ್ರು. ತನಿಖಾಕ್ಕ ಅಲ್ಲ. ಎರಡು ದಿನದ ಮ್ಯಾಲೆ ಒಬ್ಬಾಂವ ಬಾರಿನ್ಯಾಗ ಕೂತು ಅಲ್ಲಿ ಕೆಲಸಾ ಮಾಡಾಂವಗ ತೋರಿಸಿದ. ಒಬ್ಬಾಂವ ಕಂಪ್ಯೂಟರ್ ಆಟಾ ಆಡ್ಕೋತ ಜೋಡೀದಾರಗ ಕಳಿಸಿದ. ಒಂದು ಬಹುಮಾನ ಸಮಾರಂಭದಾಗ, ಮಂದಿ ಕೈಯಾಗ ಗ್ಲಾಸ್ ಹಿಡಕೊಂಡು ನಿಂತಲ್ಲೆ, ಇನ್ನೊಬ್ಬಾಂವ ತೋರಿಸಿದ. ಇದೆಲ್ಲಾ ಕೋರ್ಟಿನ್ಯಾಗ ಬಂದ ಮಾತು, ನಾ ಕಟ್ಟಿದ ಕಥಿ ಅಲ್ಲ.

2022ರ ಆಗಸ್ಟ್ 24ಕ್ಕ ತೀರ್ಪು ಬಂತು. ವನೆಸಾಗೂ, ಅದ ಅಪಘಾತದಾಗ ಹೆಂಡ್ತಿ ಮತ್ತ ಮಗಳನ್ನ ಕಳಕೊಂಡ ಇನ್ನೊಬ್ಬಾಂವಗೂ ಕೂಡಿ 3 ಕೋಟಿ 10 ಲಕ್ಷ ಡಾಲರ್ ಕೊಡಬೇಕು ಅಂತ. ಎಂಟನೇ ತಿಂಗಳು, ಇಪ್ಪತ್ನಾಕನೇ ತಾರೀಖು. ಕೋಬಿ ಅಂಗಿ ಮ್ಯಾಲಿನ ನಂಬರುಗೋಳು ಅವ, 8 ಮತ್ತ 24. ಕ್ಯಾಲಿಫೋರ್ನಿಯಾದಾಗ ಹಿಂಗ ಕೆಲಸಕ್ಕ ಸಂಬಂಧ ಇಲ್ಲದ ಸತ್ತವರ ಫೋಟೋ ತೆಗೆಯೂದು ಅಪರಾಧ ಅಂತ ಕಾಯ್ದೆನೂ ಆತು. ಆ ಫೋಟೋ ಹೊರಗ ಬಂದಿಲ್ಲ. ಆದ್ರ ಎಂದರ ಒಂದಿನ ಫೋನಿನ್ಯಾಗ ಬಂದುಬಿಡ್ತಾವ, ಉಳಿದ ಮಕ್ಕಳ ಕಣ್ಣಿಗೆ ಬೀಳ್ತಾವ ಅನ್ನೂ ಅಂಜಿಕಿ ತನ್ನ ಬಿಟ್ಟಿಲ್ಲ ಅಂತ ಆ ತಾಯಿ ಹೇಳ್ಯಾಳ. ಕೋಟಿ ಡಾಲರ್ ಬಂದ್ರ ಆ ಅಂಜಿಕಿ ಹೋಗ್ತದೇನು?

"ಅವರು ಪೋಲೀಸರು, ನಾವೇನು ಫೋಟೋ ತೆಗೀತೀವೇನು?" ಅಂತೀರಿ. ತೆಗಿಯೂದಿಲ್ಲ. ಮುಂದ ಕಳಿಸ್ತೀವಿ. ಬಾರಿನ್ಯಾಗ ಫೋನ್ ತಿರುಗಿಸಿ "ಇಲ್ಲಿ ನೋಡು" ಅಂದವಗೂ, ಮಧ್ಯಾಹ್ನ ಉಂಡು ಅಡ್ಡಾಗಿ "ಅಯ್ಯೋ ಪಾಪ, ನೋಡ್ರಿ" ಅಂತ ಗುಂಪಿಗೆ ಒತ್ತಿದಾಕಿಗೂ ಏನು ಫರಕು ಅದ, ನೀವ ಹೇಳ್ರಿ. ಪಾಪ ಅನ್ನೂ ಶಬ್ದ ಒಂದ ಫರಕು. 2025ರ ಜೂನ್ 12ಕ್ಕ ಅಹಮದಾಬಾದಿನ ವಿಮಾನ ಬಿದ್ದಾಗ ನಮ್ಮ ಕುಟುಂಬದ ಗುಂಪಿನ್ಯಾಗ ಏನೇನು ಬಂದಿದ್ದವು ಅಂತ ಮತ್ತ ತೆಗದು ನೋಡ್ಲಿಕ್ಕೆ ನನಗ ಧೈರ್ಯ ಇಲ್ಲ. ಬೆಂಕಿ ಉಂಡಿ ಎದ್ದ ವಿಡಿಯೋ, ಅದರ ಕೆಳಗ ಅಳೂ ಮುಖದ ಚಿತ್ರ, ಅದರ ಕೆಳಗ ಯಾರದೋ ಹುಟ್ಟುಹಬ್ಬದ ಕೇಕ್. ಅದ ಗುಂಪಿನ್ಯಾಗ ಎಂಟು ವರ್ಷದ ಮಕ್ಕಳು ಅಜ್ಜಿ ಫೋನ್ ಹಿಡಕೊಂಡು ಕೂತಿರ್ತಾವ.

ಕಾರಣ ಹುಡುಕೂದೂ ಹಂಗ. ಕೋಬಿ ಹೆಲಿಕಾಪ್ಟರ್ ಯಾಕ ಬಿತ್ತು ಅಂತ ಹೇಳಲಿಕ್ಕೆ ಅಮೇರಿಕಾದ ತನಿಖಾ ಮಂಡಳಿಯ ತಜ್ಞರಿಗೆ ಒಂದು ವರ್ಷದ ಮ್ಯಾಲೆ ಬೇಕಾತು. 2021ರ ಫೆಬ್ರುವರಿಯೊಳಗ ಅವರು ಹೇಳಿದ್ದು: ಇಂಜಿನ್ ಕೆಟ್ಟಿದ್ದಿಲ್ಲ. ದಟ್ಟ ಮಂಜಿನ್ಯಾಗ ಪೈಲಟ್ ಹಿಂದ ತಿರುಗದ ಮುಂದ ಹೋದ, ಮ್ಯಾಲೆ ಯಾವುದು ಕೆಳಗ ಯಾವುದು ಅಂತ ತಿಳೀದಂಗ ಆತು. ಮ್ಯಾಲೆ ಏರಲಿಕ್ಕತ್ತೀನಿ ಅಂತ ಹೇಳಿದಾಗ ಖರೇ ಅಂದ್ರ ಕೆಳಗ ಇಳೀಲಿಕ್ಕತ್ತಿದ್ದ. ಹೆಂಗರ ಮಾಡಿ ಮುಟ್ಟಿಸಬೇಕು ಅನ್ನೂ ಒತ್ತಡ ತಾನ ತನ್ನ ಮ್ಯಾಲೆ ಹೇರಿಕೊಂಡಿದ್ದ. ಅವತ್ತ ಮುಂಜಾನೆ ಲಾಸ್ ಏಂಜಲೀಸ್ ಪೋಲೀಸರು ಮಂಜಿಗೆ ಹೆದರಿ ತಮ್ಮ ಹೆಲಿಕಾಪ್ಟರ್ ಹಾರಿಸಿದ್ದಿಲ್ಲ. ಇಷ್ಟು ತಿಳಿಲಿಕ್ಕೆ ಅವರಿಗೆ ವರ್ಷ ಬೇಕಾತು, ನಮ್ಮ ಗುಂಪಿಗೆ ಹತ್ತು ನಿಮಿಷ ಸಾಕು. ಗ್ರಹಚಾರ, ನಂಬರ್ ದೋಷ, ಯಾರೋ ಮಾಡಿಸ್ಯಾರ.

ಇನ್ನೊಂದು ಮಾತು. ಇದನ್ನ ಬರೀಬ್ಯಾಡ ಅಂತ ನನ್ನ ಸೊಸಿ ಅಂದ್ಲು, ಆದ್ರ ಹೆಣ್ಣುಮಕ್ಕಳಿಗೆ ಬರೀಲಿಕ್ಕತ್ತಾಗ ಬಿಡಲಿಕ್ಕೆ ಬರೂದಿಲ್ಲ. 2003ರೊಳಗ ಕೊಲರಾಡೋದ ಒಂದು ಹೋಟೆಲಿನ್ಯಾಗ ಕೆಲಸಾ ಮಾಡೂ 19 ವರ್ಷದ ಹುಡುಗಿ ಕೋಬಿ ಮ್ಯಾಲೆ ಅತ್ಯಾಚಾರದ ಆರೋಪ ಮಾಡಿದ್ಲು. ಅಭಿಮಾನಿಗಳಿಂದ ಆಕಿಗೆ ಜೀವಬೆದರಿಕಿ ಬಂದ್ವು, ಹೆಸರು ಹೊರಗ ಬಂತು. ಮರುವರ್ಷ ಸಾಕ್ಷಿ ಹೇಳೂದಿಲ್ಲ ಅಂದ್ಲು, ಮೊಕದ್ದಮೆ ಬಿತ್ತು. ಅಂವಾ ಒಂದು ಹೇಳಿಕಿ ಕೊಟ್ಟು ಕ್ಷಮಾ ಕೇಳಿದ. ಇಬ್ಬರ ಒಪ್ಪಿಗಿಯಿಂದ ಆಗ್ಯದ ಅಂತ ತಾನು ತಿಳಕೊಂಡಿದ್ದೆ, ಆಕಿಗೆ ಹಂಗ ಅನಿಸಿಲ್ಲ ಅಂತ ಈಗ ತಿಳೀತದ ಅಂದ. 2005ರೊಳಗ ಸಿವಿಲ್ ದಾವೆ ಕೋರ್ಟಿನ ಹೊರಗ ರಾಜಿ ಆತು. ಕೋಬಿ ಸತ್ತ ದಿನ ಫೆಲಿಶಿಯಾ ಸಾನ್ಮೆಜ್ ಅಂತ ಪತ್ರಕರ್ತೆ ಈ ಹಳೇ ಸುದ್ದಿಯ ಕೊಂಡಿ ಹಾಕಿದ್ಲು. ಸಾವಿರಾರು ಮಂದಿ ಬೈದ್ರು, ಬೆದರಿಕಿ ಹಾಕಿದ್ರು, ಆಕಿ ಪತ್ರಿಕಿನ ಆಕಿನ್ನ ರಜಾ ಮ್ಯಾಲೆ ಕಳಿಸಿ, ಜೋಡೀದಾರರೆಲ್ಲಾ ಗದ್ದಲಾ ಮಾಡಿದ ಮ್ಯಾಲೆ ತಿರುಗಿ ಕರಕೊಂಡಿತು.

ಅವತ್ತ ಹೇಳಬೇಕಿತ್ತೇನು ಅಂತ ಕೇಳ್ತೀರಿ. ನಾನಾದ್ರ ಅವತ್ತ ಹೇಳ್ತಿದ್ದಿಲ್ಲ, ಸತ್ತ ಮನಿ ಒಲಿ ಹಚ್ಚೂತನಕ ತಡೀತಿದ್ದೆ. ಆದ್ರ ಅವತ್ತ ಬ್ಯಾಡ ಅಂದವರು ನಾಳೆ ಅನ್ನಲಿಲ್ಲ, ನಾಡಿದ್ದೂ ಅನ್ನಲಿಲ್ಲ. ನಾಕು ಹೆಣ್ಣುಮಕ್ಕಳನ್ನ ಎದಿಗೆ ಅವಚಿಕೊಂಡ ಅಪ್ಪನೂ ಅಂವಾನ, ಆ ಹುಡುಗಿ ಹೇಳಿದ ಮನಿಶ್ಯಾನೂ ಅಂವಾನ. ಅಂವಗ ಅಳ್ರಿ. ಅತ್ತು, ಆ ಅಳುವಿನ್ಯಾಗ ಇನ್ನೊಬ್ಬಾಕಿ ಬಾಯಿ ಮುಚ್ಚಬ್ಯಾಡ್ರಿ. ಎಲ್ಲೋ ಒಂದು ಮನ್ಯಾಗ ಆಕಿನೂ ಅವತ್ತ ಟೀವಿ ನೋಡಿರಬೇಕು.

ಉಳಿದ ಏಳು ಮಂದಿ ಯಾರು ಅಂತ ಕೇಳಿದ್ರ ಅಭಿಮಾನಿಗಳಿಗೂ ತಡವರಿಸಬೇಕಾಗ್ತದ. ಒಬ್ಬ ಕಾಲೇಜಿನ ಬೇಸ್‌ಬಾಲ್ ಕೋಚ್, ಅವನ ಹೆಂಡ್ತಿ, ಮಗಳು. ಇನ್ನೊಂದು ತಾಯಿ-ಮಗಳ ಜೋಡಿ. ಮೂರು ಮಕ್ಕಳನ್ನ ಮನ್ಯಾಗ ಬಿಟ್ಟು ಹೊಂಟಿದ್ದ ಒಬ್ಬಾಕಿ ಸಹಾಯಕ ಕೋಚ್. ಪೈಲಟ್. ಆ ಮನಿಗೋಳಿಗೆ ಲೋಕ ಎಲ್ಲಾ "ಮತ್ತ ಏಳು ಮಂದಿ" ಅಂದದ್ದು ಹೆಂಗ ಕೇಳಿಸಿರಬೇಕು.

ಅಳೂದು ಹೆಂಗ ಅಂತ ತೋರಿಸಿದ ಅಭಿಮಾನಿಗಳೂ ಅದಾರ, ಅವರನ್ನ ಬಿಟ್ರ ಅನ್ಯಾಯ ಆಗ್ತದ. ಲೇಕರ್ಸ್ ಆಡೂ, ಆಗ ಸ್ಟೇಪಲ್ಸ್ ಸೆಂಟರ್ ಅಂತ ಹೆಸರಿದ್ದ ಕ್ರೀಡಾಂಗಣದ ಮುಂದ ಮಂದಿ ಬಂದು ಹೂವು, ಮೋಂಬತ್ತಿ, ಚೀಟಿ ಇಟ್ಟು ಹೋದ್ರು. ಬಾಸ್ಕೆಟ್‌ಬಾಲ್ ಚೆಂಡ ಸಾವಿರದ ಮ್ಯಾಲೆ ಆಗಿದ್ದವು. ಒಬ್ಬರಿಗೊಬ್ಬರು ಗುರುತಿಲ್ಲದ ನಿಂತು ಅತ್ರು, ಮನಿಗೆ ಹೋದ್ರು. ಹೂವನ್ನ ಆಮ್ಯಾಲೆ ಗೊಬ್ಬರ ಮಾಡಿ ಅಲ್ಲೇ ಸುತ್ತಲಿನ ಗಿಡಕ್ಕ ಹಾಕಿದ್ರಂತ. (ಗಣಪತಿ ನಿರ್ಮಾಲ್ಯಾ ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಕೆರಿಗೆ ಒಗಿಯೂ ನಮ್ಮ ಓಣಿಯವರು ಇದನ್ನ ಎರಡು ಸಲ ಓದಬೇಕು.) ಆಟಗಾರರು ಪಂದ್ಯ ಶುರು ಮಾಡೂ ಮೊದಲು 24 ಸೆಕೆಂಡು ಚೆಂಡು ಹಿಡಕೊಂಡು ಸುಮ್ನ ನಿಂತ್ರು. ಯಾರದೂ ಮನಿ ಬಾಗಲಾ ಬಡೀಲಿಲ್ಲ, ಯಾರ ಫೋನೂ ಟಣ್ ಅನ್ನಲಿಲ್ಲ.

"ಹಂಗಾದ್ರ ಸುದ್ದಿ ಹೇಳಬಾರದೇನು? ಊರಾಗ ಸತ್ರ ಮಂದಿಗೆ ತಿಳೀಬೇಕಲ್ಲ?" ಅಂತ ನಮ್ಮ ಹಿರೇ ವೈನಿ ಕೇಳ್ತಾರ, ಕೇಳೇ ಕೇಳ್ತಾರ. ತಿಳೀಬೇಕು. ಮನಿಯವರು ಹೇಳಿದ ಮ್ಯಾಲೆ, ಮನಿಯವರು ಹೇಳ್ರಿ ಅಂದವರಿಗೆ, ಫೋನ್ ಮಾಡಿ ಬಾಯಿಲೆ ಹೇಳ್ರಿ. ಬಾರಿನ್ಯಾಗ ಫೋಟೋ ತೋರಿಸಿದ್ದು ಹೆಂಗ ಬೈಲಾತು ಗೊತ್ತದೇನು? ಅಲ್ಲೇ ಬಂದಿದ್ದ ಒಬ್ಬ ಗಿರಾಕಿ ಆ ಮಾತು ಕೇಳಿ ಸುಮ್ನಿರಲಿಲ್ಲ, ದೂರು ಬರದು ಕಳಿಸಿದ. ಅವಂಗೂ ಕೋಬಿ ಏನೂ ಆಗಬೇಕಿದ್ದಿಲ್ಲ.

ಹಂಗಾಗಿ ಇನ್ನ ಮ್ಯಾಲೆ ನಮ್ಮ ಗುಂಪಿನ್ಯಾಗ ಹೆಣದ ಫೋಟೋ, ಬೆಂಕಿ ವಿಡಿಯೋ, ಖಾತ್ರಿ ಇಲ್ಲದ ಓಂ ಶಾಂತಿ ಬಂದ್ರ ನಾ ಅಲ್ಲೇ ಎಲ್ಲಾರ ಮುಂದ "ಇದನ್ನ ತೆಗೀರಿ" ಅಂತ ಬರೀತೀನಿ. ಹೆಸರು ಹಿಡದು ಬರೀತೀನಿ, ವಯಸ್ಸು ನೋಡೂದಿಲ್ಲ, ಬೀಗರು ಅಂತನೂ ನೋಡೂದಿಲ್ಲ. ಗುಂಪಿನಿಂದ ತಗದು ಹಾಕಬೇಕಂದ್ರ ಹಾಕ್ರಿ. ಬೈಲಿಕ್ಕೆ ಫೋನ್ ಮಾಡವರು ಮಧ್ಯಾಹ್ನ ಎರಡರ ಮ್ಯಾಲೆ ಮಾಡ್ರಿ, ಅಲ್ಲೀತನಕ ಒಲಿ ಮುಂದ ಇರ್ತೀನಿ.